ಬಯಲಿನಲ್ಲಿ ಬಾಣಂತನ: ನೆಲೆಯಿಲ್ಲದ ಎಳೆಯ ದಂಪತಿಗಳ ವಸತಿ ಮತ್ತು ಆಸರೆಯನ್ನು ಕುರಿತು



ದತ್ತಿ ಉಪನ್ಯಾಸಕ್ಕೆ ಆಹ್ವಾನಿತನಾದವನು ಸಾಹಿತ್ಯವನ್ನೋ ಶಾಸನವನ್ನೋ ದರ್ಶನವನ್ನೋ ಕುರಿತು ಮಾತನಾಡುವುದು ನಮ್ಮಲ್ಲಿ ನಡೆದುಬಂದ ರೂಢಿ. ಆ ರೂಢಿಯನ್ನು ಈ ಸಂಜೆ ಮೀರುವ ಧೈರ್ಯವನ್ನು ನನಗೆ ಕೊಟ್ಟುದು ಈ ದತ್ತಿಯ ಮೂಲಪತ್ರವೇ. ‘ಲೋಕೋಪಯೋಗಿಯಾದ ಯಾವುದಾದರೊಂದು ವಿಷಯ’ ಎಂಬುದು ಅದರ ಒಕ್ಕಣೆ. ಆದಕಾರಣ ನೆಲೆಯಿಲ್ಲದ ಎಳೆಯ ತಂದೆತಾಯಿಗಳನ್ನೂ ಅವರ ಮಕ್ಕಳನ್ನೂ ಕುರಿತು, ಅವರಿಗೆ ಸಮಾಜದಿಂದ ಸಲ್ಲತಕ್ಕ ವಸತಿ ಮತ್ತು ಆಸರೆಯನ್ನು ಕುರಿತು, ಕೆಲವು ಮಾತುಗಳನ್ನು ಅರಿಕೆ ಮಾಡಿಕೊಳ್ಳಲು ಅಪ್ಪಣೆ ಬೇಡುತ್ತೇನೆ.

ಮನೆಯಿಲ್ಲದವರು ಎಂದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವ ಚಿತ್ರ ಬಹುಮಟ್ಟಿಗೆ ಒಬ್ಬ ಒಂಟಿ ಗಂಡಸಿನದು: ಅಂಗಡಿಯ ಜಗಲಿಯ ಮೇಲೆ ಹರಕು ಕಂಬಳಿ ಹೊದ್ದು ಮುದುಡಿಕೊಂಡಿರುವ, ವಯಸ್ಸು ಮೀರಿದ, ಪ್ರಾಯಶಃ ಕುಡಿತಕ್ಕೆ ಬಿದ್ದು ಬಂಧುಬಳಗವನ್ನು ಕಳೆದುಕೊಂಡ ಒಬ್ಬ ಮನುಷ್ಯ. ಸರ್ಕಾರಗಳೂ ಧರ್ಮಸಂಸ್ಥೆಗಳೂ ಏರ್ಪಡಿಸಿರುವ ವಸತಿಗಳು ಹೆಚ್ಚಾಗಿ ಈ ಒಂದು ಚಿತ್ರವನ್ನೇ ಎದುರಿಗಿಟ್ಟುಕೊಂಡು ರಚಿತವಾದವು. ಒಂದು ಉದ್ದನೆಯ ಹಜಾರ, ಸಾಲಾಗಿ ಹಾಸಿದ ಚಾಪೆಗಳು, ಸಂಜೆ ತೆರೆದು ಮುಂಜಾನೆ ಮುಚ್ಚುವ ಬಾಗಿಲು. ಇಪ್ಪತ್ತೆರಡರ ಗಂಡ, ಅವನಿಗಿಂತ ಎರಡು ಮೂರು ವರ್ಷ ಕಿರಿಯಳಾದ ಹೆಂಡತಿ, ಅವಳ ಕಂಕುಳಲ್ಲಿ ಇನ್ನೂ ಹಲ್ಲು ಮೂಡದ ಕೂಸು, ಇವರು ಈ ಹಜಾರದ ಬಾಗಿಲಿಗೆ ಬಂದು ನಿಂತರೆ ಅವರನ್ನು ಎಲ್ಲಿ ಮಲಗಿಸಬೇಕೆಂಬುದು ಅಲ್ಲಿಯ ಮೇಲ್ವಿಚಾರಕನಿಗೆ ಹೊಳೆಯದು. ಆತನ ತಪ್ಪಲ್ಲ, ಆ ಕಟ್ಟಡಕ್ಕೇ ಅದು ಹೊಳೆದಿಲ್ಲ. ಸಂಸಾರವೊಂದು ಮನೆಯಿಲ್ಲದೆ ಇರಬಹುದು, ಆದರೂ ಅದು ಸಂಸಾರವಾಗಿಯೇ ಇರುತ್ತದೆ, ಅದಕ್ಕೆ ಕೊಡುವ ಆಶ್ರಯ ಆ ಸಂಸಾರವನ್ನು ಒಡೆಯದೆ ಕೊಡುವಂಥದ್ದಾಗಿರಬೇಕು ಎಂಬ ಒಂದೇ ಮಾತನ್ನು ನಾನು ನಾನಾ ಪ್ರಕಾರವಾಗಿ ಇಂದು ಹೇಳಲಿರುವುದು.

1981ರ ಮಳೆಗಾಲದಲ್ಲಿ ಮುಂಬಯಿಯ ಕಾಲುದಾರಿಗಳ ಮೇಲೆ ಬೀಡುಬಿಟ್ಟಿದ್ದವರನ್ನು ಒಕ್ಕಲೆಬ್ಬಿಸಿ ಅವರವರ ಊರುಗಳಿಗೆ ಅಟ್ಟುವುದಾಗಿ ಅಂದಿನ ಮುಖ್ಯಮಂತ್ರಿ ಎ. ಆರ್. ಅಂತುಳೆಯವರು ಸಾರಿದಾಗ, ಪತ್ರಕರ್ತೆ ಓಲ್ಗಾ ಟೆಲಿಸ್ ಮೊದಲಾದವರು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕ ಸಂಗತಿ ಕಾನೂನು ಬಲ್ಲವರಿಗೆ ತಿಳಿದದ್ದೇ. 1985ರ ಜುಲೈ 10ರಂದು ಮುಖ್ಯ ನ್ಯಾಯಾಧೀಶ ವೈ. ವಿ. ಚಂದ್ರಚೂಡರು ಕೊಟ್ಟ ತೀರ್ಪು, ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಅಡಗಿದೆಯೆಂದು ಸಾರಿದುದಕ್ಕಾಗಿ ಪ್ರಸಿದ್ಧವಾಯಿತು. ಆದರೆ ಆ ಪ್ರಸಿದ್ಧವಾಕ್ಯಕ್ಕಿಂತ ನನ್ನನ್ನು ಹೆಚ್ಚಾಗಿ ಹಿಡಿದು ನಿಲ್ಲಿಸಿದುದು ತೀರ್ಪಿನ ಆರಂಭದಲ್ಲಿ ಬರುವ ಅರ್ಜಿದಾರರ ವೃತ್ತಾಂತ. ಸೇಲಂ ಕಡೆಯ ಭೂಹೀನ ಕೂಲಿಯೊಬ್ಬನು ಬರಗಾಲದಿಂದ ಕೆಲಸ ಕಳೆದುಕೊಂಡು 1961ರಲ್ಲಿ ಮುಂಬಯಿಗೆ ಬಂದವನು. ಪಶ್ಚಿಮ ಹೆದ್ದಾರಿಯ ಕಾಲುದಾರಿಯ ಮೇಲೆ ಪ್ಲಾಸ್ಟಿಕ್ ಹಾಳೆ ಮತ್ತು ಕ್ಯಾನ್ವಾಸಿನ ಒಂದು ಮರೆಗಾಗಿ ಅಲ್ಲಿಯ ಪುಂಡನೊಬ್ಬನಿಗೆ 2,500 ರೂಪಾಯಿ ತೆತ್ತು, ಹೆಂಡತಿಯೊಂದಿಗೂ ಹದಿನಾರು, ಹದಿಮೂರು, ಐದು ವರ್ಷದ ಮೂವರು ಹೆಣ್ಣುಮಕ್ಕಳೊಂದಿಗೂ ಅಲ್ಲಿ ಬಾಳುತ್ತಿದ್ದನು. ಬೀದಿಯ ನೆಲವೂ ಪುಕ್ಕಟೆಯಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಅದಕ್ಕಿಂತ ಮುಖ್ಯವಾದುದು, ದೇಶದ ಅತ್ಯುನ್ನತ ನ್ಯಾಯಸ್ಥಾನದ ಮುಂದೆ ಬೀದಿವಾಸಿಯಾಗಿ ನಿಂತವನು ಒಂಟಿ ಅಲೆಮಾರಿಯಲ್ಲ, ಮೂವರು ಹೆಣ್ಣುಮಕ್ಕಳ ತಂದೆ. ನ್ಯಾಯಾಲಯವಾದರೋ ಅವರನ್ನು ಎಬ್ಬಿಸಕೂಡದೆಂದು ಹೇಳಲಿಲ್ಲ. ಆ ವರ್ಷದ ಮಳೆಗಾಲ ಮುಗಿದು ಅಕ್ಟೋಬರ್ 31 ಕಳೆಯುವವರೆಗೆ ಎಬ್ಬಿಸಬೇಡಿರಿ ಎಂದಿತು. ಕರುಣೆಗೂ ಒಂದು ಗಡುವು!

ನಮ್ಮ ನಾಡಿಗೆ ಬರೋಣ. 2011ರ ಫೆಬ್ರವರಿ 28ರ ರಾತ್ರಿ ಜನಗಣತಿಯವರು ರಸ್ತೆಬದಿ, ಕಾಲುದಾರಿ, ಹ್ಯೂಮ್ ಪೈಪು, ಮೇಲ್ಸೇತುವೆಯ ಅಡಿ, ರೈಲುನಿಲ್ದಾಣ, ಗುಡಿಗಳ ಅಂಗಳ ಇವುಗಳಲ್ಲೆಲ್ಲ ಸುತ್ತಿ ಎಣಿಸಿದಾಗ ದೇಶದಲ್ಲಿ ಸುಮಾರು 17.7 ಲಕ್ಷ ಜನ ಸೂರಿಲ್ಲದವರಾಗಿ ಲೆಕ್ಕಕ್ಕೆ ಸಿಕ್ಕಿದರು. ಕರ್ನಾಟಕದ ಪಾಲು 76 ಸಾವಿರಕ್ಕೂ ಮಿಗಿಲು. ಒಂದೇ ರಾತ್ರಿಯಲ್ಲಿ, ಮಲಗಿದ್ದವರನ್ನು ಎಬ್ಬಿಸಿ ಮಾಡಿದ ಎಣಿಕೆಯಾದುದರಿಂದ ಇದನ್ನು ಕನಿಷ್ಠವೆಂದೇ ತಿಳಿಯತಕ್ಕದ್ದು. ಕಟ್ಟಡದ ಕೆಲಸ ನಡೆಯುವ ಜಾಗದಲ್ಲಿ ತಗಡಿನ ಶೆಡ್ಡಿನೊಳಗೆ ಇರುವವರು ಈ ಲೆಕ್ಕಕ್ಕೆ ಬಾರರು. ತಗಡೂ ಒಂದು ಸೂರೇ ತಾನೆ? ರಾಯಚೂರು, ಯಾದಗಿರಿ, ಕಲಬುರಗಿಯ ಕಡೆಯಿಂದ ಮೇಸ್ತ್ರಿಯ ಮುಂಗಡಕ್ಕೆ ಕಟ್ಟುಬಿದ್ದು ಬೆಂಗಳೂರಿಗೆ ದುಡಿಯಲು ಬರುವ ಜೋಡಿಗಳು, ಒಂದು ಕಟ್ಟಡ ಮೇಲೆದ್ದು ಬಣ್ಣ ಬಳಿಸಿಕೊಂಡ ದಿವಸವೇ ತಾವಿದ್ದ ಶೆಡ್ಡನ್ನು ಕಿತ್ತು ಇನ್ನೊಂದು ಕಟ್ಟಡದ ಪಾಯಕ್ಕೆ ಹೊರಡಬೇಕು. ಅವರಲ್ಲದೆ, ಮನೆಯವರ ಒಪ್ಪಿಗೆಯಿಲ್ಲದೆ ಮದುವೆಯಾಗಿ ಇಬ್ಬರ ಮನೆಯ ಬಾಗಿಲನ್ನೂ ಕಳೆದುಕೊಂಡವರುಂಟು. ಬಾಲಮಂದಿರದಲ್ಲಿ ಬೆಳೆದು ಹದಿನೆಂಟು ತುಂಬಿದೊಡನೆ ಹೊರಬಿದ್ದು, ತಮ್ಮಂತೆಯೇ ಹಿಂದುಮುಂದಿಲ್ಲದವರನ್ನು ಕೈಹಿಡಿದವರುಂಟು. ಇವರೆಲ್ಲರೂ ದುಡಿಯಬಲ್ಲವರು, ದುಡಿಯುತ್ತಿರುವವರು. ತಿಂಗಳ ಬಾಡಿಗೆಯನ್ನು ಹೇಗಾದರೂ ಕಟ್ಟಿಯಾರು. ಬೆಂಗಳೂರಿನ ಮನೆಯೊಡೆಯನು ರೂಢಿಯಂತೆ ಕೇಳುವ ಹತ್ತು ತಿಂಗಳ ಅಡ್ವಾನ್ಸಿನ ಮುಂದೆ ಅವರ ಕೈ ಸೋಲುತ್ತದೆ. ನಡುವಯಸ್ಸಿನ ಬಡವನಿಗೆ ಒತ್ತೆಯಿಡಲು ಒಂದು ಗುಂಜಿ ಚಿನ್ನವಾದರೂ, ಸಾಲ ಕೇಳಲು ಒಬ್ಬ ಷಡ್ಡಕನಾದರೂ ಇರುತ್ತಾನೆ. ಇವರಿಗೆ ಎಳವಯಸ್ಸೊಂದೇ ಬಂಡವಾಳ.

ಈಗ ಬಾಣಂತನದ ವಿಷಯ. ಚೊಚ್ಚಲು ಹೆರಿಗೆಗೆ ಮಗಳನ್ನು ತವರಿಗೆ ಕರೆತರುವುದು, ಅವಳಿಗೊಂದು ಕತ್ತಲೆಯ ಬೆಚ್ಚನೆಯ ಕೋಣೆ, ಹಂಡೆ ತುಂಬ ಕಾದ ನೀರು, ಎಣ್ಣೆ ತೀಡಲು ಒಬ್ಬ ಮುದುಕಿ, ಕೂಸಿನ ಕೂದಲಿಗೆ ಸಾಂಬ್ರಾಣಿಯ ಹೊಗೆ, ತಲೆಗೆ ಕಟ್ಟಲೊಂದು ಬಟ್ಟೆ, ಬಿಸಿ ಅನ್ನಕ್ಕೆ ಮೆಣಸಿನ ಸಾರು ಮತ್ತು ತುಪ್ಪ, ಶೀತವಾದೀತೆಂದು ತಣ್ಣೀರಿಗೆ ಕೈಯಿಕ್ಕಲು ಬಿಡದ ಗದರಿಕೆ: ಇವೆಲ್ಲ ನಮ್ಮ ನಾಡಿನ ಎಲ್ಲ ಜಾತಿ ಮತಗಳ ಮನೆಗಳಲ್ಲಿಯೂ ಅಲ್ಪಸ್ವಲ್ಪ ಭೇದದೊಂದಿಗೆ ನಡೆದುಬಂದಿರುವ ವಿಧಿ. ಇವುಗಳಲ್ಲಿ ಕೆಲವನ್ನು ಇಂದಿನ ವೈದ್ಯರು ಒಪ್ಪರು. ಹೊಗೆಯನ್ನಂತೂ ಒಪ್ಪಲೇ ಒಪ್ಪರು. ಆದರೆ ವೈದ್ಯರೂ ಅಜ್ಜಿಯರೂ ಕೂಡಿ ಒಪ್ಪುವ ಸಂಗತಿಯೊಂದಿದೆ, ಹೆತ್ತವಳು ಕೆಲವು ವಾರ ಒಂದೆಡೆ ವಿಶ್ರಮಿಸಿಕೊಳ್ಳಬೇಕು, ಅವಳ ಬಳಿ ಯಾರಾದರೊಬ್ಬರು ಇರಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಎರಡು ಮೂರು ದಿವಸಕ್ಕೆ ಮನೆಗೆ ಹೋಗೆನ್ನಿಸಿಕೊಂಡ ಹುಡುಗಿಗೆ ಹೋಗಲು ಮನೆಯೇ ಇಲ್ಲದಿದ್ದರೆ ಆಕೆ ಏನು ಮಾಡತಕ್ಕದ್ದು? ರಾತ್ರಿಯ ವಸತಿಯೊಂದರಲ್ಲಿ ಜಾಗ ದೊರೆಯಿತೆಂದೇ ಇಟ್ಟುಕೊಳ್ಳೋಣ. ಬೆಳಗ್ಗೆ ಏಳು ಗಂಟೆಗೆ ಅಲ್ಲಿಂದೆದ್ದು, ಸಂಜೆ ಏಳರವರೆಗೆ, ಹಸಿ ಮೈಯಲ್ಲಿ, ಕೂಸನ್ನು ಎತ್ತಿಕೊಂಡು, ಉದ್ಯಾನದ ಬೆಂಚಿನ ಮೇಲೋ ಬಸ್ಸು ನಿಲ್ದಾಣದಲ್ಲೋ ಆಕೆ ಕಾಲ ಹಾಕಬೇಕು. ಗಂಡನು ಅವಳ ಬಳಿ ಕುಳಿತರೆ ಆ ದಿನದ ಕೂಲಿ ಹೋಯಿತು, ಕೂಲಿಗೆ ಹೋದರೆ ಅವಳಿಗೆ ಒಂದು ಲೋಟ ಬಿಸಿನೀರು ತಂದುಕೊಡುವವರಿಲ್ಲ.

ಬೆಂಗಳೂರಿನ ಒಂದು ಮೇಲ್ಸೇತುವೆಯ ಕೆಳಗೆ ಇಂತಹ ಒಂದು ಸಂಸಾರವನ್ನು ನಾನು ಕಂಡು ಮಾತನಾಡಿಸಿದ್ದೇನೆ. ಕಂಬಕ್ಕೂ ಬೇಲಿಯ ಸರಳಿಗೂ ನಡುವೆ ಒಂದು ಹಳೆಯ ಸೀರೆಯ ಜೋಲಿ. ಮೂರು ಕಲ್ಲಿನ ಒಲೆಯ ಮೇಲೆ ಮಸಿಹಿಡಿದ ಅಲ್ಯೂಮಿನಿಯಂ ಪಾತ್ರೆ. ಅವರ ಸಮಸ್ತ ಆಸ್ತಿಯೂ ಒಂದು ಸಿಮೆಂಟಿನ ಚೀಲದಲ್ಲಿತ್ತು. ಆ ಹುಡುಗಿ ಚೀಲದ ತಳದಿಂದ, ಎರಡು ಪ್ಲಾಸ್ಟಿಕ್ ಕವರುಗಳೊಳಗೆ ಸುತ್ತಿಟ್ಟಿದ್ದ ತಾಯಿ ಕಾರ್ಡನ್ನು ತೆಗೆದು ನನಗೆ ತೋರಿಸಿದಳು. ಊರಿನ ಆಶಾ ಕಾರ್ಯಕರ್ತೆ ಬರೆದುಕೊಟ್ಟದ್ದು. ಮೊದಲ ಎರಡು ತಿಂಗಳ ಲಸಿಕೆಗಳ ಮುಂದೆ ತಾರೀಖು ಇದ್ದವು, ಅಲ್ಲಿಂದ ಮುಂದಿನ ಚೌಕಗಳೆಲ್ಲ ಬರಿದು. ‘ಯಾಕವ್ವಾ, ಇಲ್ಲಿ ಅಂಗನವಾಡಿ ಇಲ್ಲವೆ?’ ಎಂದೆ. ‘ಐತ್ರಿ ಸಾಹೇಬ್ರ, ಮನಿ ನಂಬರ್ ಕೇಳ್ತಾರ’ ಎಂದಳು. ಕೇಳಬೇಕಾದ ನಿಯಮವೇನೂ ಇಲ್ಲ. ಲಸಿಕೆಗೆ ವಿಳಾಸ ಬೇಡ. ಶಾಲೆಗೆ ಸೇರಿಸುವಾಗ ವಯಸ್ಸಿನ ದಾಖಲೆಯಿಲ್ಲವೆಂದು ಮಗುವನ್ನು ಹಿಂದಕ್ಕೆ ಕಳುಹಿಸಕೂಡದೆಂದು 2009ರ ಶಿಕ್ಷಣ ಹಕ್ಕಿನ ಕಾನೂನು ಸ್ಪಷ್ಟವಾಗಿ ಹೇಳುತ್ತದೆ. ಆದರೂ ಫಾರಂನಲ್ಲಿ ಒಂದು ಖಾಲಿ ಜಾಗವಿದೆ, ಅದನ್ನು ತುಂಬಬೇಕು, ತುಂಬಲು ಅವಳಲ್ಲಿ ಏನೂ ಇಲ್ಲ. ವಸತಿಯಿಲ್ಲದವರಿಗೆ ಮಿಕ್ಕ ಸೌಲಭ್ಯಗಳೂ ಹೀಗೆ, ಯಾರ ದುರುದ್ದೇಶವೂ ಇಲ್ಲದೆಯೇ, ಒಂದೊಂದಾಗಿ ಕೈತಪ್ಪಿಹೋಗುತ್ತವೆ. ಆದುದರಿಂದ ಮನೆಯನ್ನು ಮೊದಲು ಕೊಟ್ಟು ಆಸರೆಯನ್ನು ಆಮೇಲೆ ನೋಡೋಣವೆಂಬುದಾಗಲಿ, ಆಸರೆ ಕೊಡುತ್ತಿದ್ದರೆ ಮನೆ ತಾನಾಗಿ ಬಂದೀತೆಂಬುದಾಗಲಿ ಎರಡೂ ನಡೆಯದ ಮಾತು.

ಕಾಗದದ ಮೇಲೆ ನಮ್ಮ ದೇಶದ ಸ್ಥಿತಿ ಕೆಟ್ಟದ್ದಲ್ಲ ಎಂಬುದನ್ನೂ ಹೇಳಲೇಬೇಕು. ಆಹಾರದ ಹಕ್ಕಿಗಾಗಿ ಪೌರಹಕ್ಕುಗಳ ಸಂಘಟನೆಯೊಂದು 2001ರಲ್ಲಿ ಹೂಡಿದ ಪ್ರಸಿದ್ಧ ಮೊಕದ್ದಮೆಯ ಒಳಗೇ ವಸತಿಯ ಪ್ರಶ್ನೆಯೂ ಬಂದು ಸೇರಿತು. 2009ರ ಡಿಸೆಂಬರಿನ ಚಳಿಯಲ್ಲಿ ದೆಹಲಿಯ ಪೂಸಾ ರಸ್ತೆಯ ತಾತ್ಕಾಲಿಕ ರಾತ್ರಿ ವಸತಿಯೊಂದನ್ನು ಅಲ್ಲಿಯ ನಗರಾಡಳಿತವೇ ಕೆಡವಿದಾಗ, ವಿಷಯ ಸರ್ವೋಚ್ಚ ನ್ಯಾಯಾಲಯಕ್ಕೆ ಮುಟ್ಟಿ, 2010ರಲ್ಲಿ ದೇಶದ ದೊಡ್ಡ ನಗರಗಳಿಗೆಲ್ಲ ಆಜ್ಞೆ ಹೊರಟಿತು: ಒಂದು ಲಕ್ಷ ಜನಸಂಖ್ಯೆಗೆ ಒಂದು ಆಶ್ರಯಕೇಂದ್ರ, ಅದೂ ವರ್ಷವಿಡೀ ಹಗಲಿರುಳು ತೆರೆದಿರತಕ್ಕದ್ದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನವು ಇದಕ್ಕೆ ಹಣವನ್ನೂ ನಿಯಮಾವಳಿಯನ್ನೂ ಒದಗಿಸಿತು. ಒಬ್ಬೊಬ್ಬರಿಗೆ ಕನಿಷ್ಠ 50 ಚದರಡಿ ಜಾಗ, ಸಂಸಾರಸ್ಥರಿಗೆ ಮರೆಯುಳ್ಳ ಪ್ರತ್ಯೇಕ ಕೇಂದ್ರಗಳು, ಕೇಂದ್ರದಲ್ಲಿರುವವರನ್ನು ಪಡಿತರ, ಅಂಗನವಾಡಿ, ಶಾಲೆ, ಗುರುತಿನ ಚೀಟಿ ಇವುಗಳೊಂದಿಗೆ ಜೋಡಿಸತಕ್ಕ ಹೊಣೆ, ಎಲ್ಲವೂ ಅದರಲ್ಲಿ ಉಂಟು. ನಾನು ಈ ಸಂಜೆ ಬೇಡಲಿರುವುದರ ಬಹುಭಾಗ ಆ ನಿಯಮಾವಳಿಯಲ್ಲಿ ಅಚ್ಚಾಗಿಯೇ ಇದೆ. ಅಚ್ಚಾದದ್ದೆಲ್ಲ ಆಚರಣೆಗೆ ಬರುವ ದೇಶ ನಮ್ಮದಾಗಿದ್ದರೆ ಈ ಉಪನ್ಯಾಸದಲ್ಲಿ ನಾನು ನಿಶ್ಚಿಂತೆಯಿಂದ ಶಾಸನಪದ್ಯಗಳನ್ನು ವ್ಯಾಖ್ಯಾನಿಸಬಹುದಾಗಿತ್ತು. 2016ರಲ್ಲಿ ಸರ್ವೋಚ್ಚ ನ್ಯಾಯಾಲಯವು ನ್ಯಾಯಮೂರ್ತಿ ಕೈಲಾಶ್ ಗಂಭೀರರ ಅಧ್ಯಕ್ಷತೆಯಲ್ಲಿ ನೇಮಿಸಿದ ಸಮಿತಿಯು ರಾಜ್ಯ ರಾಜ್ಯಗಳನ್ನು ವಿಚಾರಿಸಿದಾಗ ಕಂಡುಬಂದುದು, ಬೇಕಾದಷ್ಟು ಕೇಂದ್ರಗಳು ಎದ್ದಿಲ್ಲ, ಬಂದ ಹಣ ಪೂರ್ತಿ ಖರ್ಚಾಗಿಲ್ಲ ಎಂಬುದು. ಎದ್ದಿರುವವುಗಳಲ್ಲಿಯೂ ಸಂಸಾರಗಳಿಗೆಂದು ಮೀಸಲಾದವು ಅಲ್ಪ. ಗಂಡಸರದೊಂದು, ಹೆಂಗಸರದೊಂದು ಎಂದು ಪ್ರತ್ಯೇಕವಾಗಿರುವಲ್ಲಿ ದಂಪತಿಗಳು ಸಂಜೆಯಾದೊಡನೆ ಅಗಲಬೇಕು. ಕಷ್ಟದಲ್ಲಿರುವ ಸ್ತ್ರೀಯರಿಗಾಗಿ ಸರ್ಕಾರ ನಡೆಸುವ ಗೃಹಗಳಲ್ಲಿ ಗಂಡನಿಗಂತೂ ಪ್ರವೇಶವಿಲ್ಲ. ಹೊಡೆತದಿಂದ ಓಡಿಬಂದವಳಿಗೆ ಅದೇ ರಕ್ಷೆ, ಅದು ಇರಲೇಬೇಕು. ಆದರೆ ಅಲ್ಲಿ ಗಂಡುಮಕ್ಕಳಿಗೂ ವಯೋಮಿತಿಯುಂಟು, ಅದನ್ನು ದಾಟಿದ ಮಗ ತಾಯಿಯನ್ನು ಬಿಟ್ಟು ಬೇರೆಡೆಗೆ ಹೋಗಬೇಕು.

ಈ ಅಗಲಿಸುವಿಕೆ ಬಡದೇಶಗಳಿಗೆ ಮಾತ್ರ ಸೇರಿದ ಪಾಪವೆಂದು ಯಾರೂ ಭಾವಿಸಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ 1948ರ ರಾಷ್ಟ್ರೀಯ ಸಹಾಯದ ಶಾಸನವು, ಅಕಸ್ಮಾತ್ತಾಗಿ ನೆಲೆ ತಪ್ಪಿದವರಿಗೆ ತಾತ್ಕಾಲಿಕ ವಸತಿ ಕೊಡುವ ಹೊಣೆಯನ್ನು ಸ್ಥಳೀಯ ಆಡಳಿತಗಳ ಮೇಲೆ ಹೊರಿಸಿತು. ಅವುಗಳಲ್ಲಿ ಎಷ್ಟೋ ಆಡಳಿತಗಳು ಈ ಹೊಣೆ ತಾಯಿ ಮತ್ತು ಮಕ್ಕಳಿಗೆ ಸೀಮಿತವಾದುದು, ಗಂಡನು ತನ್ನ ದಾರಿಯನ್ನು ತಾನು ನೋಡಿಕೊಳ್ಳಲಿ ಎಂದು ಅರ್ಥಮಾಡಿಕೊಂಡವು. ಕೆಂಟ್ ಪ್ರಾಂತದ ವೆಸ್ಟ್ ಮಾಲಿಂಗ್ ಎಂಬ ಊರಿನ ಕಿಂಗ್ ಹಿಲ್ ವಸತಿಗೃಹದಲ್ಲಿ ಗಂಡಂದಿರು ವಾರದ ಕೊನೆಯಲ್ಲಿ ನಿಗದಿಯಾದ ಹೊತ್ತಿಗೆ ಬಂದು ಹೆಂಡತಿ ಮಕ್ಕಳನ್ನು ನೋಡಿಹೋಗಬಹುದಾಗಿತ್ತು. ವಾಸಕ್ಕೆ ಮೂರು ತಿಂಗಳ ಗಡುವಿತ್ತು, ಅಷ್ಟರಲ್ಲಿ ಮನೆ ದೊರಕಿಸಿಕೊಳ್ಳದವರ ಮಕ್ಕಳನ್ನು ಆಡಳಿತವು ತನ್ನ ವಶಕ್ಕೆ ತೆಗೆದುಕೊಳ್ಳುವ ಭಯವೂ ಇತ್ತು. 1965ರಲ್ಲಿ ಕೆಲವು ಗಂಡಂದಿರು ಈ ನಿಯಮವನ್ನು ಧಿಕ್ಕರಿಸಿ ಹೆಂಡಂದಿರ ಕೋಣೆಗಳಲ್ಲಿಯೇ ನೆಲೆಸಿದರು. ಆಡಳಿತವು ನ್ಯಾಯಾಲಯದಿಂದ ತಡೆಯಾಜ್ಞೆ ತಂದಿತು. ಅದನ್ನೂ ಮೀರಿದವರು ಸೆರೆಮನೆಗೆ ಹೋದರು. ಸ್ವಂತ ಹೆಂಡತಿಯೊಡನೆ, ಸ್ವಂತ ಮಕ್ಕಳೊಡನೆ ಒಂದೇ ಕೋಣೆಯಲ್ಲಿ ಮಲಗಿದ ಅಪರಾಧಕ್ಕಾಗಿ, ಸಭ್ಯತೆಗೆ ಹೆಸರಾದ ಒಂದು ರಾಷ್ಟ್ರದಲ್ಲಿ, ದಂಡನೆ! ಪತ್ರಿಕೆಗಳು ಈ ಸುದ್ದಿಯನ್ನು ಹರಡಿದ ಮೇಲೆ ನಿಯಮ ಸಡಿಲವಾಯಿತು. ಮರುವರ್ಷದ ನವೆಂಬರ್ 16ರಂದು ಬಿ.ಬಿ.ಸಿ. ದೂರದರ್ಶನವು ಪ್ರಸಾರ ಮಾಡಿದ, ಜೆರೆಮಿ ಸ್ಯಾಂಡ್‌ಫರ್ಡ್ ಬರೆದು ಕೆನ್ ಲೋಚ್ ನಿರ್ದೇಶಿಸಿದ ‘ಕ್ಯಾಥಿ ಕಮ್ ಹೋಮ್’ ಎಂಬ ನಾಟಕದಲ್ಲಿ, ಮನೆ ತಪ್ಪಿದ ಎಳೆಯ ತಾಯಿಯೊಬ್ಬಳ ಮಕ್ಕಳನ್ನು ಅಧಿಕಾರಿಗಳು ರೈಲುನಿಲ್ದಾಣದಲ್ಲಿ ಅವಳ ಕೈಯಿಂದ ಕಿತ್ತುಕೊಂಡು ಹೋಗುವ ದೃಶ್ಯವನ್ನು ಲಕ್ಷಾಂತರ ಜನ ತಮ್ಮ ತಮ್ಮ ಮನೆಗಳಲ್ಲಿ ಕುಳಿತು ನೋಡಿದರು. ಅದಾದ ಮೇಲೂ ಕಾನೂನು ಬದಲಾಗಲು ಹನ್ನೊಂದು ವರ್ಷ ಹಿಡಿಯಿತು. 1977ರಲ್ಲಿ ಸ್ಟೀಫನ್ ರಾಸ್ ಎಂಬ ಲಿಬರಲ್ ಸದಸ್ಯರು ಖಾಸಗಿ ಮಸೂದೆಯಾಗಿ ತಂದು ಅಂಗೀಕೃತವಾದ ಶಾಸನವು ಗರ್ಭಿಣಿಯರಿಗೂ ಮಕ್ಕಳುಳ್ಳವರಿಗೂ ಅಗ್ರಸ್ಥಾನ ಕೊಟ್ಟಿತಲ್ಲದೆ, ಅರ್ಜಿದಾರನೊಂದಿಗೆ ಸಂಸಾರದ ಅಂಗವಾಗಿ ವಾಸಿಸುವವರನ್ನೂ ಒಟ್ಟಿಗೇ ಗಣಿಸಬೇಕೆಂದು ವಿಧಿಸಿತು. ಆ ದೇಶದಲ್ಲಿ ಇಂದಿಗೂ ಮನೆಗಳ ಅಭಾವ ನೀಗಿಲ್ಲ. ಆದರೂ ಸಂಸಾರವನ್ನು ಒಡೆದು ಆಶ್ರಯ ಕೊಡಬಹುದೆಂಬ ವಾದವನ್ನು ಯಾವ ಅಧಿಕಾರಿಯೂ ಈಗ ಅಲ್ಲಿ ಬಾಯಿಬಿಟ್ಟು ಹೇಳಲಾರನು.

ನಮ್ಮಲ್ಲಿ ಮಕ್ಕಳನ್ನು ವಶಪಡಿಸಿಕೊಳ್ಳುವ ಭಯ ಬೇರೊಂದು ರೂಪದಲ್ಲಿದೆ. 2015ರ ಬಾಲನ್ಯಾಯ ಕಾಯಿದೆಯಲ್ಲಿ ‘ರಕ್ಷಣೆ ಮತ್ತು ಪೋಷಣೆಯ ಅಗತ್ಯವುಳ್ಳ ಮಗು’ವಿನ ಲಕ್ಷಣಗಳನ್ನು ಹೇಳುವಾಗ, ಮನೆಯಾಗಲಿ ಸ್ಥಿರವಾದ ನೆಲೆಯಾಗಲಿ ಇಲ್ಲದ, ಕಣ್ಣಿಗೆ ಕಾಣುವ ಜೀವನಾಧಾರವಿಲ್ಲದ ಮಗುವನ್ನು ಮೊದಲಿಗೇ ಎಣಿಸಿದೆ. ಅದೇ ಕಾಯಿದೆ, ಮಗುವನ್ನು ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ಉಪಾಯವಾಗಿರತಕ್ಕದ್ದೆಂದೂ ಹೇಳಿದೆ. ಅದನ್ನು ಮರೆಯದೆ ನಡೆಯುವ ಅಧಿಕಾರಿಗಳನ್ನು ನಾನು ಬಲ್ಲೆ. ಆದರೆ ಬೀದಿಯಲ್ಲಿರುವ ತಾಯಿಗೆ ಕಾಯಿದೆಯ ಎರಡನೆಯ ಮಾತು ಗೊತ್ತಿಲ್ಲ. ಜೀಪು ಕಂಡೊಡನೆ ಕೂಸನ್ನೆತ್ತಿಕೊಂಡು ಸಂದಿಗೊಂದಿಗೆ ಓಡುವಷ್ಟು ಮೊದಲನೆಯದು ಗೊತ್ತಿದೆ. ಇದರ ಜೊತೆಗೆ ನಮ್ಮ ರಾಜ್ಯದ 1975ರ ಭಿಕ್ಷಾಟನೆ ನಿಷೇಧದ ಕಾಯಿದೆ. ಅದಕ್ಕಾಗಿ ಸ್ಥಳೀಯ ಸಂಸ್ಥೆಗಳು ಆಸ್ತಿತೆರಿಗೆಯ ಮೇಲೆ ಶೇಕಡಾ 3ರ ಉಪಕರವನ್ನು ನಮ್ಮ ನಿಮ್ಮೆಲ್ಲರಿಂದಲೂ ವಸೂಲುಮಾಡುತ್ತವೆ. ಬಯಲಿನಲ್ಲಿ ಮಲಗಿರುವವನು ಬೇಡುವವನೇ ಇರಬೇಕೆಂದು ಪೇದೆಗೆ ತೋರಿದರೆ, ದಿನವೆಲ್ಲ ಕಲ್ಲು ಹೊತ್ತು ಬಂದವನೂ ಅವನ ಹೆಂಡತಿಯೂ ಅದರ ಬಲೆಗೆ ಬೀಳಬಹುದು. ಹಿಡಿಯುವುದಕ್ಕೆ ಬೇಕಾದ ದುಡ್ಡು ಹೀಗೆ ವರ್ಷವರ್ಷವೂ ತಪ್ಪದೆ ಬರುತ್ತದೆ; ಇರಿಸುವುದಕ್ಕೆ ಬೇಕಾದುದಕ್ಕೆ ಅರ್ಜಿ, ಅನುಮೋದನೆ, ಟೆಂಡರು.

ಸಹಾಯದ ಮಾರ್ಗ ಯಾವುದೆಂದು ತಿಳಿಯಲು ಬಹು ದೂರ ಹೋಗಬೇಕಾಗಿಲ್ಲ. 1969ರಲ್ಲಿ, ಗಾಂಧೀ ಜನ್ಮಶತಾಬ್ದಿಗಾಗಿ ದೆಹಲಿಯ ರಾಜಘಾಟದ ಬಳಿ ಕಟ್ಟಡಗಳು ಏಳುತ್ತಿದ್ದಾಗ, ಧೂಳು ಬಿಸಿಲುಗಳ ನಡುವೆ ಕೂಲಿಹೆಂಗಸರ ಶಿಶುಗಳು ನೆಲದಲ್ಲಿ ಬಿದ್ದಿದ್ದುದನ್ನು ಕಂಡು, ಮೀರಾ ಮಹಾದೇವನ್ ಎಂಬ ಮಹಿಳೆ ಅಲ್ಲಿಯೇ ಒಂದು ಶಿಶುಪಾಲನಾಕೇಂದ್ರವನ್ನು ಆರಂಭಿಸಿದರು. ‘ಮೊಬೈಲ್ ಕ್ರಶಸ್’ ಸಂಸ್ಥೆ ಹುಟ್ಟಿದುದು ಹೀಗೆ. ಕಟ್ಟಡ ಎಲ್ಲಿಗೆ ಹೋದರೆ ಕೇಂದ್ರವೂ ಅಲ್ಲಿಗೆ ಹೋಗಬೇಕೆಂಬುದು ಅದರ ತತ್ತ್ವ. 1996ರ ಕಟ್ಟಡ ಕಾರ್ಮಿಕರ ಕಾಯಿದೆಯು ಇನ್ನೂ ಮುಂದೆ ಹೋಗಿ, ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೂಸಿನ ಕೋಣೆಯನ್ನು ಕಡ್ಡಾಯ ಮಾಡಿತಲ್ಲದೆ, ಕಾರ್ಮಿಕರಿಗೆ ಕೆಲಸದ ಜಾಗದಲ್ಲಿಯೋ ಸಮೀಪದಲ್ಲಿಯೋ ಬಾಡಿಗೆಯಿಲ್ಲದೆ ತಾತ್ಕಾಲಿಕ ವಸತಿಯನ್ನು, ಪ್ರತ್ಯೇಕವಾದ ಅಡಿಗೆಯ ಜಾಗ, ಬಚ್ಚಲು, ಶೌಚಗಳ ಸಹಿತ ಮಾಲಿಕನೇ ಒದಗಿಸತಕ್ಕದ್ದೆಂದಿತು. ಅಡಿಗೆಯ ಜಾಗವನ್ನು ಬೇರೆಯಾಗಿ ಹೆಸರಿಸಿದ ಆ ಕರಡುಕಾರನಿಗೆ ನಾನು ಮನಸ್ಸಿನಲ್ಲಿಯೇ ವಂದಿಸುತ್ತೇನೆ. ತಮ್ಮದೇ ಒಲೆ ಹೊತ್ತಿಸಿಕೊಳ್ಳಲಾಗದ ಕಡೆ ಸಂಸಾರ ಬೇರೂರದೆಂಬುದನ್ನು ಆತ ಎಲ್ಲಿಯೋ ಕಣ್ಣಾರೆ ಕಂಡಿರಬೇಕು.

ಇವೆಲ್ಲವನ್ನೂ ಕೂಡಿಸಿ ನೋಡಿದರೆ, ನಗರದೊಳಗೆ ಆಗಬೇಕಾದುದು ಏನು? ಊರಿನಿಂದ ಆರೇಳು ಹರದಾರಿಯಾಚೆ ಬಹುಮಹಡಿಯ ಬೃಹತ್ ಸಂಕೀರ್ಣವೊಂದನ್ನು ಎತ್ತಿಸಿ ಉದ್ಘಾಟನೆಯ ಕಲ್ಲು ನಿಲ್ಲಿಸುವುದರಲ್ಲಿ ನನಗೆ ನಂಬಿಕೆಯಿಲ್ಲ. ಬೆಳಗಿನ ಆರು ಗಂಟೆಗೆ ಕೂಲಿಯವರು ಕೂಡುವ ಅಡ್ಡೆ ಊರೊಳಗಿದೆ. ಅಲ್ಲಿಗೆ ನಡೆದು ಹೋಗಲಾಗದ ಮನೆಯನ್ನು ಅವರು ಒಂದೇ ತಿಂಗಳಲ್ಲಿ ಬಿಟ್ಟು ಮತ್ತೆ ಸೇತುವೆಯ ಕೆಳಗೆ ಬರುತ್ತಾರೆ, ನಾವು ಆಗ ಅವರನ್ನು ಕೃತಘ್ನರೆನ್ನುತ್ತೇವೆ. ಒಂದು ವಾರ್ಡಿಗೆ ಹನ್ನೆರಡು ಕೋಣೆಗಳ ಒಂದು ಕಟ್ಟಡ ಸಾಕು. ಪ್ರತಿ ಕೋಣೆಗೂ ಒಳಗಿನಿಂದ ಅಗಳಿ, ಹೊರಗಿನಿಂದ ಬೀಗ, ಕೀಲಿ ಆ ದಂಪತಿಗಳ ಕೈಯಲ್ಲಿ, ಮೂಲೆಯಲ್ಲೊಂದು ಒಲೆಕಟ್ಟೆ, ಹಗಲು ಹೊತ್ತಿನಲ್ಲಿ ಯಾರನ್ನೂ ಹೊರಗೆ ಹಾಕದ ನಿಯಮ, ಬಾಣಂತಿಯರಿಗೆ ಬಿಸಿನೀರು, ಕೆಳಗಿನ ಅಂತಸ್ತಿನಲ್ಲಿ ಅಂಗನವಾಡಿ, ಅದರಲ್ಲಿ ಕೂಲಿಯ ಹೊತ್ತಿಗೆ ಸರಿಹೊಂದುವಂತೆ ಬೆಳಗಿನಿಂದ ಸಂಜೆಯವರೆಗೆ ಕೂಸುಗಳನ್ನು ನೋಡಿಕೊಳ್ಳುವ ಏರ್ಪಾಡು. ಇವುಗಳೊಂದಿಗೆ ಕಚೇರಿಗಳ ದಾರಿ ಬಲ್ಲ ಒಬ್ಬ ಕಾರ್ಯಕರ್ತೆ ಇರಬೇಕು. ಜನನವನ್ನು ಇಪ್ಪತ್ತೊಂದು ದಿನದೊಳಗೆ ನೋಂದಾಯಿಸುವುದು, ಪಡಿತರ ಚೀಟಿಯನ್ನು ಇಲ್ಲಿ ಚಲಾವಣೆಗೆ ತರುವುದು, ಕಾರ್ಮಿಕರ ಮಂಡಳಿಯಲ್ಲಿ ಹೆಸರು ಬರೆಸುವುದು, ಇವಕ್ಕೆಲ್ಲ ಆಕೆ ಆ ಹುಡುಗಿಯ ಜೊತೆಯಲ್ಲಿ ತಾನೂ ಹೋಗಿ ಸರತಿಯಲ್ಲಿ ನಿಲ್ಲತಕ್ಕವಳು. ಚೀಟಿ ಬರೆದು ಕಳುಹಿಸಿದರೆ ಸಾಲದು. ಹೊರಡುವ ಗಡುವು ಮೂರು ತಿಂಗಳೆಂದು ಗೋಡೆಯ ಮೇಲೆ ಬರೆಯುವುದು ಬೇಡ. ಅವರು ಬಾಡಿಗೆಯ ಮನೆಗೆ ಹೊರಡಲು ಸಿದ್ಧರಾದಾಗ ಅಡ್ವಾನ್ಸಿನ ಹಣಕ್ಕೆ ಪಾಲಿಕೆಯೇ ಜಾಮೀನಾಗಿ ನಿಂತು, ಅವರಿಂದ ಅದನ್ನು ಸಣ್ಣ ಸಣ್ಣ ಕಂತುಗಳಲ್ಲಿ ಹಿಂದಕ್ಕೆ ಪಡೆಯಲಿ.

ಹೀಗೆ ಮಾಡಿದರೆ ಹಳ್ಳಿಯವರೆಲ್ಲ ಊರು ಬಿಟ್ಟು ಇಲ್ಲಿಗೇ ಬಂದುಬಿಡುವರೆಂಬ ಆಕ್ಷೇಪ ಈ ಸಭೆಯಲ್ಲಿಯೂ ಕೆಲವರ ಮನಸ್ಸಿನಲ್ಲಿ ಎದ್ದಿರಬಹುದು. ಅವರು ಬರುತ್ತಿರುವುದು ಮಳೆ ಕೈಕೊಟ್ಟದ್ದರಿಂದ, ಸಾಲ ಹತ್ತಿದ್ದರಿಂದ, ಹಾಗೂ ನಮ್ಮ ಮನೆಗಳಿಗೆ ತಾರಸಿ ಹಾಕಲು ನಾವು ಕರೆಸಿಕೊಂಡದ್ದರಿಂದ; ಹನ್ನೆರಡು ಕೋಣೆಗಳ ಆಸೆಗೆ ಹೊಲಮನೆ ಬಿಟ್ಟು ಕೈಗೂಸಿನೊಂದಿಗೆ ರಾತ್ರಿಯ ಬಸ್ಸು ಹತ್ತುವ ತಾಯಿಯನ್ನು ನಾನು ಇನ್ನೂ ಕಂಡಿಲ್ಲ. ಕೆಟ್ಟವರೂ ಇದರಲ್ಲಿ ನುಸುಳುವರೆಂಬ ಎರಡನೆಯ ಆಕ್ಷೇಪವನ್ನು ಒಪ್ಪುತ್ತೇನೆ. ನುಸುಳುವರು, ಯಾವ ಛತ್ರದಲ್ಲಿ ನುಸುಳಿಲ್ಲ?

ನಮ್ಮ ವಾರ್ಡಿನಲ್ಲಿ ಪಾಲಿಕೆಗೆ ಸೇರಿದ, ಬಹುಕಾಲದಿಂದ ಬೀಗಹಾಕಿರುವ ಒಂದು ಕಟ್ಟಡವನ್ನು ಇದಕ್ಕಾಗಿ ಬಿಟ್ಟುಕೊಡಬೇಕೆಂದು ಆಯುಕ್ತರಿಗೆ ಸಲ್ಲಿಸತಕ್ಕ ಮನವಿಯ ಕರಡನ್ನು ಕೆಲವು ಮಿತ್ರರು ಸಿದ್ಧಪಡಿಸಿದ್ದಾರೆ. ಅದು ಹೊರಗಿನ ಮೇಜಿನ ಮೇಲಿದೆ. ದಯವಿಟ್ಟು ಓದಿರಿ, ಒಪ್ಪಿಗೆಯಾದವರು ಸಹಿಮಾಡಿರಿ, ಒಪ್ಪದವರು ತಮ್ಮ ಆಕ್ಷೇಪವನ್ನು ಅಂಚಿನಲ್ಲಿ ಬರೆದು ಹೆಸರು ಹಾಕಿರಿ. ಅಂಚನ್ನು ಸಾಕಷ್ಟು ಅಗಲವಾಗಿಯೇ ಬಿಟ್ಟಿದೆ.